ಎರಡನೇ ಮಹಡಿಯ ಮಣಿಪೂರ

ಒಂದು ಕಟ್ಟಡಕ್ಕೆ ಒಂದು ನೀರಿನ ಟ್ಯಾಂಕು, ಒಂದು ಮೆಟ್ಟಿಲ ಸಾಲು, ಒಂದು ಕಸದ ತೊಟ್ಟಿ ಇರುವ ಹಾಗೆ ನಮ್ಮ ಕಟ್ಟಡಕ್ಕೆ ಒಂದೇ ಒಂದು ಕೋಪ ಇತ್ತು. ಅದು ಎರಡನೇ ಮಹಡಿಯಲ್ಲಿ, ಗುಡುಗಣ್ಣನ ಮನೆಯಲ್ಲಿ ವಾಸವಾಗಿತ್ತು. ಎಂಟು ಸಂಸಾರದವರೂ ಅದನ್ನು ಹಂಚಿಕೊಂಡು ಬಳಸುತ್ತಿದ್ದೆವು. ಅದನ್ನು ಕೆಡಿಸಿಟ್ಟವನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಇಳಿಸಿಕೊಳ್ಳಲು ಹೋದಾಗ ಏನಾಯಿತು ಎನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

ಗುಡುಗಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ನಾವು ಇಟ್ಟದ್ದು. ಮುದ್ರಣಾಲಯದಲ್ಲಿ ಮಷಿನ್ನುಗಳ ಮೇಸ್ತ್ರಿ. ಮಷಿನ್ನುಗಳೆಲ್ಲ ಒಟ್ಟಿಗೆ ಓಡುತ್ತಿರುವಾಗ ಈ ತುದಿಯಿಂದ ಆ ತುದಿಯವನಿಗೆ "ಇಂಕು ಜಾಸ್ತಿ ಆಯ್ತು" ಎಂದು ಕೇಳಿಸಬೇಕು. ಆ ಗಂಟಲನ್ನು ಮನೆಗೆ ಬಂದಮೇಲೆ ಕಳಚಿ ಮೊಳೆಗೆ ತೂಗುಹಾಕಲು ಅವನಿಗೆ ಬರುತ್ತಿರಲಿಲ್ಲ. ಹೆಂಡತಿಯನ್ನು ಉಪ್ಪು ಕೇಳಿದರೆ ಎದುರುಮನೆಯಾಕೆ ಉಪ್ಪಿನ ಡಬ್ಬಿ ಹುಡುಕುತ್ತಿದ್ದಳು. ಅವನ ಎದುರಿಗೆ ನಾವೆಲ್ಲ "ಅಣ್ಣಾ, ನೀವು" ಅನ್ನುತ್ತಿದ್ದೆವು. ಬೆನ್ನ ಹಿಂದೆ "ಅವನು". ಸಭ್ಯರ ಮನೆಗಳೆಂದರೆ ಹಾಗೆಯೇ.

ಆ ಗಂಟಲಿನಿಂದ ನಮಗಾದ ಉಪಕಾರ ಒಂದೆರಡಲ್ಲ. ನೀರು ಬಿಡುವವನು ಹೊತ್ತಿಗೆ ಸರಿಯಾಗಿ ವಾಲ್ವು ತಿರುಗಿಸುತ್ತಿದ್ದ. ಪೇಪರಿನವನು ಪೇಪರನ್ನು ಎಸೆಯದೆ ಬಾಗಿಲಿಗೆ ಒರಗಿಸಿ ಹೋಗುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟಡದ ಮಾಲೀಕರು ಹದ್ದುಬಸ್ತಿನಲ್ಲಿದ್ದರು. "ನೋಡೋಣ" ಎಂಬ ಒಂದೇ ಮಾತಿನಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯ ಅವರು. ಗುಡುಗಣ್ಣ ಫೋನು ಹಿಡಿದರೆ ಮಾತ್ರ ಅದೇ ಬಾಯಲ್ಲಿ "ಇವತ್ತೇ ಮಾಡಿಸ್ತೀನಿ" ಬರುತ್ತಿತ್ತು. ಎಂಟೂ ಮನೆಯ ಕೊಳೆನೀರು ಇಳಿಯುವುದು ಕಟ್ಟಡದ ಬೆನ್ನಿಗೆ ಅಂಟಿಕೊಂಡ ಒಂದೇ ದಪ್ಪ ಪೈಪಿನಲ್ಲಿ. ಅದು ಕಟ್ಟಿಕೊಂಡರೆ ನೀರು ಮೊದಲು ನುಗ್ಗುವುದು ನೆಲಮಹಡಿಯ ಹಿಂದಿನ ಕೋಣೆಗೆ, ಅಂದರೆ ಟೀಚರಮ್ಮನ ಬಚ್ಚಲಿಗೆ. ನಿವೃತ್ತಿಯಾದ ಟೀಚರಮ್ಮನಿಗೆ ಮಂಡಿ ನೋವು. ಮೆಟ್ಟಿಲು ಹತ್ತಲಾರರು. ಮೆಟ್ಟಿಲಿಲ್ಲದ, ಕೈಗೆಟಕುವ ಬಾಡಿಗೆಯ ಕೋಣೆ ಈ ಊರಲ್ಲಿ ಅವರಿಗೆ ಬೇರೊಂದು ಸಿಕ್ಕಿರಲಿಲ್ಲ. ಅದಕ್ಕೇ ಗುಡುಗಣ್ಣ ಪ್ರತಿವರ್ಷ ಪೈಪು ಕಟ್ಟಿಕೊಳ್ಳುವ ಮೊದಲೇ ಗುಡುಗಿ ಕ್ಲೀನ್ ಮಾಡಿಸುತ್ತಿದ್ದ. ಅವನು ಗುಡುಗುವಾಗ ನಾವು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆವು. ಕೆಲಸವಾದ ಮೇಲೆ ಹೊರಗೆ ಬಂದು, "ಮನುಷ್ಯ ಒಳ್ಳೆಯವನೇ, ಬಾಯಿ ಮಾತ್ರ ಸ್ವಲ್ಪ..." ಎಂದು ತಲೆಯಾಡಿಸುತ್ತಿದ್ದೆವು. ಅವನ ಬಾಗಿಲ ಮುಂದೆ ಆಡಬೇಡಿ ಎಂದು ಮಕ್ಕಳಿಗೂ ಹೇಳಿಟ್ಟಿದ್ದೆವು.

ಇನ್ನು ನಾನು. ಮೊದಲನೇ ಮಹಡಿ, ಕನ್ನಡಕದ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿ ಅಂಗಡಿಯಲ್ಲಿರುವ ಫ್ರೇಮುಗಳನ್ನೆಲ್ಲ ಮೂಗಿಗೇರಿಸಿ, ಕೊನೆಗೆ ನಮ್ಮ ಕನ್ನಡಿಯಲ್ಲೇ ತಲೆ ಬಾಚಿಕೊಂಡು ಬರಿಗೈಯಲ್ಲಿ ಹೋದರೂ "ಮತ್ತೆ ಬನ್ನಿ ಸಾರ್" ಅನ್ನಬೇಕಾದ ಕೆಲಸ. ನನಗೆ ಸಿಟ್ಟು ಬರುವುದಿಲ್ಲ ಅಂತಲ್ಲ. ಬರುತ್ತದೆ, ಬಾಯಿಯ ತನಕ ಬಂದು ಅಲ್ಲಿ ನಗುವಾಗಿಬಿಡುತ್ತದೆ.

ನೆಲಮಹಡಿಯ ಮುಂದಿನ ಗೋದಾಮು ಖಾಲಿ ಬಿದ್ದಿತ್ತು. ಮಾಲೀಕರು ಅದಕ್ಕೆ ಸುಣ್ಣ ಬಳಿಸಿ, ಹಾಲ್ ಎಂದು ಹೆಸರಿಟ್ಟು, ತಮ್ಮ ತಂಗಿಯ ಮಗನನ್ನು ತಂದು ಕೂರಿಸಿದರು. ಈತ ಹಿಂದೆ ಮನೆಮನೆಗೆ ಹೋಗಿ ಹಾಸಿಗೆ ಮಾರುತ್ತಿದ್ದವನು. ಆಗ ನಿದ್ದೆ ಮಾರುತ್ತಿದ್ದ, ಈಗ ಗುರುವಾಗಿ, ಬೆಳಗಿನ ಧ್ಯಾನ ಶಿಬಿರ ಹಾಕಿ, ಎಚ್ಚರ ಮಾರಲು ಬಂದಿದ್ದ. ಗೋಡೆಯ ಮೇಲೆ ಕಾಲು ಮಡಚಿ ಕೂತ ಮನುಷ್ಯನ ಒಂದು ಚಿತ್ರ. ಮುಖಕ್ಕೆ ಕಣ್ಣು ಮೂಗು ಇಲ್ಲ, ಆದರೆ ಬೆನ್ನುಹುರಿಯ ಉದ್ದಕ್ಕೂ ಬಣ್ಣಬಣ್ಣದ ಹೂಗಳು. ಬುಡದಲ್ಲಿ ಮೂಲಾಧಾರ, ಅದರ ಮೇಲೆ ಸ್ವಾಧಿಷ್ಠಾನ, ಹೊಕ್ಕುಳಲ್ಲಿ ಮಣಿಪೂರ, ಹೀಗೆ ನೆತ್ತಿಯ ಸಹಸ್ರಾರದವರೆಗೆ. ಎಡಕ್ಕೆ ಇಡಾ ನಾಡಿ, ಬಲಕ್ಕೆ ಪಿಂಗಳಾ, ನಡುವೆ ನೆಟ್ಟಗೆ ಸುಷುಮ್ನಾ.

"ದೇಹದಲ್ಲಿ ಎಪ್ಪತ್ತೆರಡು ಸಾವಿರ ನಾಡಿಗಳಿವೆ," ಎಂದ ಗುರು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ಎಲ್ಲವನ್ನೂ ಕಟ್ಟಿಹಾಕೋದು ಒಂದೇ, ಕೋಪ. ಕೋಪ ಬಂದಾಗ ಒಂದು ಬಟ್ಟೆ ತುಂಡು ತಗೊಳ್ಳಿ. ಕೋಪವನ್ನ ಅದರ ಕಿವಿಯಲ್ಲಿ ಹೇಳಿ, ಗಂಟು ಹಾಕಿ, ಹರಿಯೋ ನೀರಿಗೆ ಬಿಟ್ಟುಬಿಡಿ."

ಬಟ್ಟೆಗೆ ಕಿವಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಹರಿಯುವ ನೀರು ಎಲ್ಲಿ ಎಂದು ಬ್ಯಾಂಕಿನವರು ಕೇಳಿದರು. ಇವರು ಮೂರನೇ ಮಹಡಿಯವರು, ಯಾವುದಕ್ಕೂ ನಿಯಮ ಕೇಳುವ ಮನುಷ್ಯ. "ನೀರು ಎಲ್ಲಿ ಹರೀತದೋ ಅಲ್ಲಿ," ಎಂದ ಗುರು. ನಮ್ಮ ಮನೆಗಳಲ್ಲಿ ನೀರು ರಭಸವಾಗಿ ಹರಿಯುವುದು ಒಂದೇ ಜಾಗದಲ್ಲಿ, ಫ್ಲಶ್ ಒತ್ತಿದಾಗ. ಅಂದಿನಿಂದ ಎಲ್ಲರೂ ಹಾಗೆಯೇ ಮಾಡಿದರು. ನನ್ನ ಜೇಬಿನಲ್ಲಿ ಕನ್ನಡಕ ಒರೆಸುವ ಹಳದಿ ಬಟ್ಟೆ ಯಾವಾಗಲೂ ಇರುತ್ತದೆ. ನನಗೂ ಒಂದೆರಡು ಸಲ ಉಪಯೋಗಕ್ಕೆ ಬಂತು.

ಗುಡುಗಣ್ಣ ಮೊದಲ ವಾರ ಈ ಕಡೆ ತಲೆ ಹಾಕಲಿಲ್ಲ. ಒಂದು ಬೆಳಗ್ಗೆ ರಾತ್ರಿಪಾಳಿ ಮುಗಿಸಿ ಬಂದವನು, ಮೆಟ್ಟಿಲ ತುಂಬ ಬಿಟ್ಟಿದ್ದ ಚಪ್ಪಲಿಗಳಲ್ಲಿ ಕಾಲು ಸಿಕ್ಕಿ ಮುಗ್ಗರಿಸಿ, ಗುಡುಗಲೆಂದೇ ಹಾಲ್‌ಗೆ ನುಗ್ಗಿದ. ಬಾಯಿ ತೆರೆಯುವುದರೊಳಗೆ ಗುರು ಎದ್ದು ಬಂದು ಅವನ ಕೈ ಹಿಡಿದು ಅವನದೇ ಹೊಕ್ಕುಳ ಮೇಲಿಟ್ಟು, "ಕಣ್ಣು ಮುಚ್ಚಿ" ಎಂದ. ಕೈ ಹಿಡಿದು ಮೆತ್ತಗೆ ಮಾತಾಡಿಸಿದ ಅನುಭವ ಗುಡುಗಣ್ಣನಿಗೆ ಇರಲಿಲ್ಲವೋ ಏನೋ, ಕಣ್ಣು ಮುಚ್ಚಿಯೇಬಿಟ್ಟ. ಹಾಲ್ ನಿಶ್ಶಬ್ದವಾಯಿತು. ಆಗ ಅವನ ಹೊಟ್ಟೆಯೊಳಗಿಂದ ಗುರ್ರ್ ಎಂದು ಶುರುವಾದ ಸದ್ದು ಒಂದು ಸುತ್ತು ಸುತ್ತಿ ನಿಂತಿತು. ಕೊನೆಯ ಸಾಲಿನವರಿಗೂ ಕೇಳಿಸಿತು.

ಗುರುವಿನ ಮುಖ ಅರಳಿತು. "ಏನೋ ತಿರುಗಿದ ಹಾಗೆ ಆಯ್ತಾ?"

"ಆಯ್ತು," ಎಂದ ಗುಡುಗಣ್ಣ. ಸುಳ್ಳೇನಲ್ಲ, ಹೊಟ್ಟೆ ತಿರುಗಿತ್ತು.

"ಮಣಿಪೂರ," ಎಂದು ಗುರು ಕೈ ಮುಗಿದ. "ಹತ್ತು ದಳದ ಕಮಲ. ಇಷ್ಟು ಜೋರಾಗಿ ತಿರುಗಿದ್ದು ನಾನೇ ನೋಡಿಲ್ಲ. ಇವರಿಗೆ ಇನ್ನು ಕೋಪ ಅನ್ನೋದೇ ಬರೋದಿಲ್ಲ."

ಕಣ್ಣು ಬಿಟ್ಟ ಗುಡುಗಣ್ಣ ನಮ್ಮನ್ನೆಲ್ಲ ನೋಡಿದ. ನಾವೂ ಅವನನ್ನು ನೋಡುತ್ತಿದ್ದೆವು. ಹೆದರಿಕೆಯಿಲ್ಲದೆ, ಗೌರವದಿಂದ, ಮೊದಲ ಸಲ. ಏನೋ ಹೇಳಲು ಹೋದವನು ಬಾಯಿ ಮುಚ್ಚಿಕೊಂಡ. ಹೋಗುವಾಗ ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ತಾನೇ ಜೋಡಿಸಿಟ್ಟು ಹೋದ.

ಅಂದಿನಿಂದ ಅನಾಹುತ ಶುರುವಾಯಿತು. ಮೊದಲು ಕಂಗಾಲಾದವರು ಅವನ ಹೆಂಡತಿ, ನಮ್ಮೆಲ್ಲರ ಅತ್ತಿಗೆ. "ಮನೆಯಲ್ಲಿದ್ದಾರೋ ಇಲ್ವೋ ಗೊತ್ತಾಗೋದೇ ಇಲ್ಲ ಕಣ್ರೀ, ನಿನ್ನೆ ಬಾಗಿಲಿಗೆ ಬೀಗ ಹಾಕ್ಕೊಂಡು ಹೋಗಿಬಿಟ್ಟಿದ್ದೆ, ಒಳಗಿದ್ರು," ಎಂದು ನನ್ನ ಹೆಂಡತಿಯ ಹತ್ತಿರ ಕಣ್ಣೊರೆಸಿಕೊಂಡರು. ಸಂಜೆಯವರೆಗೆ ಒಳಗೇ ಇದ್ದನಂತೆ, ಕೂಗದೆ.

ಲೋಕಕ್ಕೆ ಸುದ್ದಿ ಹಬ್ಬಲು ತಡವಾಗಲಿಲ್ಲ. ಪೇಪರಿನವನು ಬೀದಿಯಿಂದಲೇ ಎಸೆಯತೊಡಗಿದ. ನೀರಿನವನು ಮನಸ್ಸು ಬಂದಾಗ ಬಂದ. ಬ್ಯಾಂಕಿನವರು ತಮ್ಮ ಸ್ಕೂಟರನ್ನು ಗುಡುಗಣ್ಣನ ಸೈಕಲ್ಲಿಗೆ ಒರಗಿಸಿ ನಿಲ್ಲಿಸಿ, ಮೇಲಿನಿಂದ ಬಗ್ಗಿ ನೋಡಿದರು, ಚಕ್ರ ನಿಜವಾಗಿ ತಿರುಗಿದೆಯೋ ಇಲ್ಲವೋ ಎಂದು. ಗುಡುಗಣ್ಣ ಬಂದ, ನೋಡಿದ, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಒಂದು ಕೈ ಹೊಕ್ಕುಳ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಸ್ಕೂಟರ್ ಸರಿಸಿ, ಚಕ್ರ ಸೊಟ್ಟಗಾದ ಸೈಕಲ್ಲನ್ನು ಅಲ್ಲೇ ಬಿಟ್ಟು, ನಡೆದೇ ಕೆಲಸಕ್ಕೆ ಹೋದ. ಮುದ್ರಣಾಲಯದಲ್ಲಿ ಇನ್ನೂ ಘೋರ. ಕ್ಯಾಲೆಂಡರ್ ಅಚ್ಚಾಗುವಾಗ ಕೆಂಪು ಬಣ್ಣ ನಿಂತುಹೋಗಿದ್ದನ್ನು ಕಂಡು, ಮಷಿನ್ನಿನವನಿಗೆ ಪಿಸುಮಾತಿನಲ್ಲಿ ಹೇಳಿದನಂತೆ. ಅವನಿಗೆ ಕೇಳಿಸಿದ್ದರೆ ತಾನೆ? ಲೋಡುಗಟ್ಟಲೆ ಕ್ಯಾಲೆಂಡರುಗಳಲ್ಲಿ ಭಾನುವಾರಗಳೇ ಇಲ್ಲ. ಅವುಗಳಲ್ಲಿ ಒಂದು ಈಗಲೂ ನಮ್ಮ ಅಂಗಡಿಯಲ್ಲಿದೆ, ನಮ್ಮ ಯಜಮಾನರು ಅದನ್ನೇ ನೋಡಿ ರಜೆ ಕೊಡುತ್ತಾರೆ.

ಅಷ್ಟರಲ್ಲಿ ಪೈಪು ಕಟ್ಟಿಕೊಳ್ಳುವ ಹೊತ್ತು ಬಂತು, ಈ ಸಲ ಬೇಗನೇ ಬಂತು. ಟೀಚರಮ್ಮನ ಬಚ್ಚಲಲ್ಲಿ ಕಪ್ಪು ನೀರು ಪಾದ ಮುಳುಗುವಷ್ಟು ನಿಂತಿತು. ಅವರು ಎರಡು ಇಟ್ಟಿಗೆ ಇಟ್ಟುಕೊಂಡು, ಕೋಲೂರಿಕೊಂಡು, ಆ ಮಂಡಿಯಲ್ಲಿ ಇಟ್ಟಿಗೆಯಿಂದ ಇಟ್ಟಿಗೆಗೆ ದಾಟುತ್ತಿದ್ದರು. ನಾನು ಹೋಗಿ ನೋಡಿದೆ. ನನ್ನ ರಕ್ತ ಕುದಿಯಿತು. ಸೀದಾ ಗುರುವಿನ ಹತ್ತಿರ ಹೋದೆ.

"ನೀರು ಅಂದ್ರೆ ಸ್ವಾಧಿಷ್ಠಾನ," ಎಂದ ಆತ ಕಣ್ಣು ಮುಚ್ಚಿಕೊಂಡೇ. "ಕೆಳಗಿನ ಕೊಳೆ ಮೇಲೆ ಬರ್ತಿದೆ ಅಂದ್ರೆ ಶುದ್ಧಿ ಆಗ್ತಿದೆ ಅಂತ ಅರ್ಥ. ಟೀಚರಮ್ಮನಿಗೆ ಮೂಲಾಧಾರ ವೀಕು. ನೆಲದ ಮೋಹ ಜಾಸ್ತಿ. ಈ ಜಾಗ ಬಿಟ್ಟುಬಿಟ್ರೆ ಸರಿಹೋಗ್ತಾರೆ."

ನಾನು ಅಂಗಡಿಯಿಂದ ಮಾಲೀಕರಿಗೆ ಫೋನು ಮಾಡಿದೆ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಹಲ್ಲು ಕಡಿದು ಅಭ್ಯಾಸ ಮಾಡಿದ್ದೆ. ಅವರು "ಹಲೋ" ಅಂದರು. "ನಮಸ್ಕಾರ ಸಾರ್, ಆರೋಗ್ಯಾನಾ? ತೊಂದರೆ ಕೊಟ್ಟೆ, ಕ್ಷಮಿಸಿ" ಎಂದಿತು ನನ್ನ ಬಾಯಿ. ಅವರು ಓದುವಾಗ ಅಕ್ಷರ ಮಂಜಾಗುವ ವಿಷಯ ಎತ್ತಿದರು. ಫೋನು ಇಡುವ ಹೊತ್ತಿಗೆ ನಾನು ಹಗುರವಾದ ಒಂದು ಫ್ರೇಮನ್ನು ಅವರ ಮನೆಗೇ ತಂದು ತೋರಿಸುವುದಾಗಿ ಒಪ್ಪಿಕೊಂಡಿದ್ದೆ. ಪೈಪಿನ ವಿಷಯಕ್ಕೆ "ನೋಡೋಣ" ಅಂದರು. ಆ ದಿನ ನಾನು ಬಚ್ಚಲಲ್ಲಿ ಬಹಳ ಹೊತ್ತು ಇದ್ದೆ ಎಂದು ನನ್ನ ಹೆಂಡತಿ ಗೊಣಗಿದಳು.

ಕೊನೆಗೆ ಗುಡುಗಣ್ಣನ ಮನೆಗೇ ಹೋದೆ. ಬಾಗಿಲು ತೆರೆದಿತ್ತು. ಅವನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

"ಅಣ್ಣಾ, ಒಂದೇ ಒಂದು ಫೋನು. ನೀವು ಕೂಗಿದ್ರೆ ಸಾಕು," ಎಂದೆ.

"ಆಗಲ್ಲ," ಎಂದ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. "ನಿನ್ನೆ ಬ್ಯಾಂಕಿನವರ ಮಗು ಬಂದು ನನ್ನ ತೊಡೆ ಮೇಲೆ ಕೂತ್ಕೊಂಡ್ತು. ತಾನಾಗೇ ಬಂತು. ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ಒಂದು ಮಗು ಈ ಹೊಸ್ತಿಲು ದಾಟಿರಲಿಲ್ಲ. ನಾನು ಕೂಗಿದ್ರೆ ಮತ್ತೆ ಬರುತ್ತಾ?"

ನಾನು ಜೇಬಿನಿಂದ ಫೋನು ತೆಗೆದು ಅವನ ಮುಂದೆ ಹಿಡಿದೆ.

"ನೀವೇ ಕೂಗಿ," ಎಂದ.

"ನನಗೆ ಬರಲ್ಲ ಅಣ್ಣಾ."

"ನನಗೇನು ಹುಟ್ತಾನೇ ಬರ್ತಿತ್ತಾ?"

ಮುಂದಿನ ಭಾನುವಾರ, ನಮ್ಮ ಅಂಗಡಿಯ ಕ್ಯಾಲೆಂಡರಿನಲ್ಲಿ ಇಲ್ಲದ ಭಾನುವಾರ, ಶಿಬಿರದ ಸಮಾರೋಪ. ನಾನು ಹೊಟ್ಟೆನೋವೆಂದು ಹೇಳಿ ರಜೆ ಹಾಕಿದ್ದೆ. ಮಾಲೀಕರು ಬಂದರು. ನಾನು ಕೊಟ್ಟ ಹೊಸ ಕನ್ನಡಕ ಹಾಕಿಕೊಂಡಿದ್ದರು. ಮುಂದಿನ ಸಾಲಿನಲ್ಲಿ ಗುಡುಗಣ್ಣನನ್ನು ಮಾದರಿಗೆಂದು ಕೂರಿಸಿದ್ದರು, ಅಂಗಡಿಯ ಗಾಜಿನೊಳಗೆ ಫ್ರೇಮು ಇಟ್ಟ ಹಾಗೆ. ಟೀಚರಮ್ಮ ಹಿಂದಿನ ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದರು.

"ಇಷ್ಟು ಶಾಂತವಾದ ಬಾಡಿಗೆದಾರರು ಯಾರಿಗೆ ಸಿಗ್ತಾರೆ?" ಎಂದು ಮಾಲೀಕರು ಶುರು ಮಾಡಿದರು. "ಸಂತೋಷದ ಸುದ್ದಿ ಏನಂದ್ರೆ, ಈ ಹಾಲ್ ದೊಡ್ಡದು ಮಾಡ್ತಿದ್ದೀವಿ. ಹಿಂದಿನ ಕೋಣೆ ಸೇರಿಸ್ಕೊಳ್ತೀವಿ. ಹೇಗೂ ನೀರು ನುಗ್ಗೋ ಕೋಣೆ. ಟೀಚರಮ್ಮ ತಿಂಗಳ ಕೊನೆಗೆ ನಗ್‌ನಗ್ತಾ ಬಿಟ್ಟುಕೊಡ್ತಿದ್ದಾರೆ."

ಟೀಚರಮ್ಮ ನಗುತ್ತಿರಲಿಲ್ಲ. ಮಾತು ಏಳುವ ಮೊದಲೇ ಗುರು ಕೈ ಎತ್ತಿದ. "ಎಲ್ಲರೂ ಕಣ್ಣು ಮುಚ್ಚಿ. ಗಮನ ಮೂಲಾಧಾರಕ್ಕೆ. ಅಲ್ಲಿಂದ ಶಕ್ತಿ ಮೇಲೇಳುತ್ತೆ. ತಣ್ಣಗೆ ಏನಾದರೂ ಅನಿಸ್ತಿದೆಯಾ?"

"ಅನಿಸ್ತಿದೆ," ಎಂದರು ಬ್ಯಾಂಕಿನವರು, ಆಶ್ಚರ್ಯದಿಂದ.

"ನನಗೂ," ಎಂದಳು ನನ್ನ ಹೆಂಡತಿ.

ನನಗೂ ಅನಿಸಿತು. ಕೂತಲ್ಲೇ ತಂಪು, ನಿಧಾನವಾಗಿ ಹರಡುವ ತಂಪು. ಸಾಲುಸಾಲಾಗಿ ಎಲ್ಲರೂ "ತಂಪು, ತಂಪು" ಎಂದರು. ಗುರುವಿನ ದನಿ ಏರಿತು. "ಏಳಲಿ, ತಡೀಬೇಡಿ, ಮೇಲಕ್ಕೆ ಏಳಲಿ," ಎಂದು ಅವನು ಹೇಳುತ್ತಿದ್ದಾಗಲೇ ವಾಸನೆ ಬಂತು. ಕಣ್ಣು ಬಿಟ್ಟು ನೋಡಿದರೆ ಹಿಂದಿನ ಬಾಗಿಲ ಸಂದಿಯಿಂದ ಕಪ್ಪು ನೀರು ಬಂದು ಎಲ್ಲರ ಚಾಪೆಯ ಕೆಳಗೆ ಹೊಕ್ಕಿತ್ತು.

ಯಾರೂ ಕೂಗಲಿಲ್ಲ. ಅದೇ ಈ ಕಥೆಯಲ್ಲಿ ನನಗೆ ಅತ್ಯಂತ ನಾಚಿಕೆಯ ಜಾಗ. ಒದ್ದೆ ಬಟ್ಟೆಯಲ್ಲಿ ಎದ್ದು ನಿಂತು ಎಲ್ಲರೂ ಗುಡುಗಣ್ಣನ ಕಡೆ ನೋಡಿದೆವು. ಗುಡುಗಣ್ಣ ನೀರಿನಲ್ಲೇ ಕಣ್ಣು ಮುಚ್ಚಿ ಕೂತಿದ್ದ.

ಟೀಚರಮ್ಮ ಕೋಲೂರಿಕೊಂಡು, ನೀರಿನಲ್ಲಿ ಕಾಲೆಳೆಯುತ್ತ ಅವನ ಮುಂದೆ ಬಂದು ನಿಂತರು. ಮೂರನೇ ತರಗತಿಯಲ್ಲಿ ಅವನಿಗೆ ಮಗ್ಗಿ ಕಲಿಸಿದವರು ಅವರೇ.

"ಎದ್ದು ನಿಲ್ಲು," ಎಂದರು. ನಿಂತ. "ನನ್ನ ಮುಖ ನೋಡಿ ಹೇಳು. ಅವತ್ತು ಚಕ್ರ ತಿರುಗಿತ್ತಾ?"

ಗುಡುಗಣ್ಣ ತಲೆ ತಗ್ಗಿಸಿದ. "ಇಲ್ಲ ಟೀಚರ್. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಹಸಿವಾಗಿತ್ತು."

"ಹೋಗಲಿ. ಮಣಿಪೂರ ಅಂದ್ರೆ ಯಾವುದರ ಜಾಗ ಗೊತ್ತಾ? ಬೆಂಕಿಯದ್ದು. ಹಿಂದಿನವರು ಬೆಂಕಿ ಇರಲಿ ಅಂತ ತಾನೆ ಅಲ್ಲಿಟ್ಟಿದ್ದು? ಅದನ್ನ ಆರಿಸು ಅಂತ ನಿನಗೆ ಯಾರು ಹೇಳಿದ್ರು?"

ಗುಡುಗಣ್ಣ ಗುರುವಿನ ಕಡೆ ತಿರುಗಿದ. ಆಮೇಲೆ ಮಾಲೀಕರ ಕಡೆ. ಅಷ್ಟು ದಿನ ತಡೆದಿಟ್ಟದ್ದು ಹೊರಬಂತು. ಗೋಡೆಯ ಚಿತ್ರ ಮೊಳೆಯಿಂದ ಕಳಚಿ ನೀರಿಗೆ ಬಿತ್ತು. ಮಾಲೀಕರ ಕನ್ನಡಕ ಮೂಗಿನ ತುದಿಗೆ ಜಾರಿತು, ಅದು ಹಗುರ ಫ್ರೇಮಿನ ದೋಷ. ಪೈಪು, ಬಚ್ಚಲು, ಬಾಡಿಗೆ, ಟೀಚರಮ್ಮನ ಮಂಡಿ, ಒಂದನ್ನೂ ಬಿಡದೆ ಗುಡುಗಿದ. ನಾವು ಎಂದಿನಂತೆ ಒಳಗೊಳಗೇ ಖುಷಿಪಡುತ್ತ ನಿಂತಿದ್ದಾಗ ನಮ್ಮ ಕಡೆ ತಿರುಗಿದ.

"ಇನ್ನು ನೀವು. ನಿಮಗೆ ನೀರು ಬೇಕು, ಪೈಪು ಬೇಕು, ಕೂಗೋಕೆ ನಾನು ಬೇಕು. ಕೂಗಿದ ಮೇಲೆ ನನಗೆ ಸಂಸ್ಕಾರ ಇಲ್ಲ. ನಿಮಗೆ ಹೆಂಡತಿ ಮಕ್ಕಳಿದ್ದ ಹಾಗೆ ನಿಮ್ಮದೇ ಒಂದು ಕೋಪಾನೂ ಇಟ್ಕೊಳ್ರಯ್ಯಾ. ಎಲ್ಲರದ್ದೂ ನಾನೊಬ್ಬನೇ ಎಷ್ಟು ವರ್ಷ ಹೊರಲಿ?" ಕೊನೆಯ ಮಾತಿಗೆ ಅವನ ಗಂಟಲು ಒಡೆದು ಸದ್ದು ನಿಂತೇಹೋಯಿತು. ಬಾಯಿ ಮಾತ್ರ ಆಡುತ್ತಿತ್ತು.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಪೈಪಿನವರು ಬಂದರು. ಹಿತ್ತಲಲ್ಲಿ ಎಲ್ಲರೂ ಸುತ್ತ ನಿಂತೆವು. ಪೈಪಿನವನು ಕೊಕ್ಕೆ ಹಾಕಿ ಎಳೆದ. ಒಂದು ಬಟ್ಟೆಯ ಗಂಟು ಬಂತು. ಇನ್ನೊಂದು ಬಂತು. ಬ್ಯಾಂಕಿನವರ ಮನೆಯ ಪರದೆಯ ಹೂವು ನನಗೆ ಗುರುತು ಸಿಕ್ಕಿತು. ಅತ್ತಿಗೆಯ ಹಳೇ ಸೀರೆಯಂಚು. ಆಮೇಲೆ ಹಳದಿ ಗಂಟು. ಆಮೇಲೆ ಹಳದಿ. ಮತ್ತೆ ಹಳದಿ. ಬಕೆಟ್ಟು ತುಂಬುವ ತನಕ ಹಳದಿ ಗಂಟುಗಳೇ ಬಂದವು. ಪ್ರತಿಯೊಂದರ ಮೇಲೂ ನಮ್ಮ ಅಂಗಡಿಯ ಹೆಸರು, ಕೆಳಗೆ "ಸ್ಪಷ್ಟ ನೋಟ, ಸದಾ ಸೇವೆ".

ಅತ್ತಿಗೆ ಬಗ್ಗಿ ಹುಡುಕಿದರು. "ನಮ್ಮನೆಯವರದ್ದು ಒಂದೂ ಇಲ್ಲ," ಎಂದರು.

ಟೀಚರಮ್ಮ ಬಕೆಟ್ಟು ನೋಡಿದರು, ನನ್ನನ್ನು ನೋಡಿದರು. "ಇಷ್ಟೊಂದು ಇತ್ತೇನಪ್ಪಾ ನಿನ್ನೊಳಗೆ?"

"ನೋಡಿದ್ರಾ, ಕೋಪ ಹೊರಗೆ ಬಂತು. ವಿಧಾನ ಫಲಿಸಿದೆ," ಎಂದ ಗುರು ದೂರದಿಂದ. ಮಾಲೀಕರಿಗಂತೂ ಹೋದ ಜೀವ ಬಂದಂತಾಯಿತು. "ಪೈಪ್ ಕಟ್ಟಿಕೊಂಡಿದ್ದು ನಿಮ್ಮಿಂದಲೇ ಅಂತ ಆಯ್ತಲ್ಲ. ಪೈಪ್ ಬೇರೆ, ಕೋಣೆ ಬೇರೆ. ತಿಂಗಳ ಕೊನೆಗೆ ಖಾಲಿ ಆಗ್ಬೇಕು," ಎಂದು ಗುರುವನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೊರಟುಹೋದರು.

ನಾವೆಲ್ಲ ಮತ್ತೆ ಗುಡುಗಣ್ಣನ ಕಡೆ ತಿರುಗಿದೆವು, ಅಭ್ಯಾಸಬಲ. ಅವನು ಗಂಟಲು ಮುಟ್ಟಿ ತೋರಿಸಿ ಕೈಯಾಡಿಸಿದ. ವಾರದ ಮಟ್ಟಿಗೆ ಒಂದು ಅಕ್ಷರ ಹೊರಡುವಂತಿರಲಿಲ್ಲ. ಬ್ಯಾಂಕಿನವರ ಮಗು ಅವನ ಬೆರಳು ಹಿಡಿದುಕೊಂಡು ನಿಂತಿತ್ತು. ಅಷ್ಟು ಗುಡುಗು ಕೇಳಿಯೂ ಬಂದಿತ್ತು.

ಟೀಚರಮ್ಮ ತಮ್ಮ ಫೋನು ತೆಗೆದು, ನಂಬರು ಒತ್ತಿ, ನನ್ನ ಕೈಗೆ ಕೊಟ್ಟರು.

"ನಾನಾ?" ಎಂದೆ.

"ಬಕೆಟ್ಟು ಯಾರದ್ದು?" ಎಂದರು.

ಅತ್ತ ಮಾಲೀಕರು ಎತ್ತಿದರು. "ನಮಸ್ಕಾರ ಸಾರ್, ತೊಂದರೆ ಕೊಟ್ಟೆ..." ಎಂದು ನನ್ನ ಬಾಯಿ ಹೊರಟಿತು. ಟೀಚರಮ್ಮನ ಕೋಲು ನೆಲಕ್ಕೆ ಟಕ್ಕೆಂದು ಕುಟ್ಟಿತು. ನಾನು ಬಕೆಟ್ಟಿನ ಕಡೆ ನೋಡಿದೆ. ಸದಾ ಸೇವೆ, ಸದಾ ಸೇವೆ, ಸದಾ ಸೇವೆ. ಹೊಕ್ಕುಳ ಹತ್ತಿರ ಏನೋ ಬಿಸಿಯಾಯಿತು. ಮಧ್ಯಾಹ್ನದ ಊಟ ಆಗಿತ್ತು, ಹಾಗಾಗಿ ಹಸಿವಲ್ಲ.

ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. "ಟೀಚರಮ್ಮ ಕೋಣೆ ಬಿಡಲ್ಲ" ಎಂಬುದರಿಂದ ಶುರುವಾಗಿ, ನಮ್ಮ ಅಂಗಡಿಯಲ್ಲಿ ತಲೆ ಬಾಚಿಕೊಂಡು ಹೋದ ಗಿರಾಕಿಗಳವರೆಗೂ ಹೋಯಿತಂತೆ. ನನ್ನ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಳು. ಪಕ್ಕದ ಕಟ್ಟಡದ ಕಿಟಕಿಗಳು ತೆರೆದವು. ಗುಡುಗಣ್ಣ ಕತ್ತು ಒಂದು ಕಡೆ ವಾಲಿಸಿ, ಮಷಿನ್ನಿನ ಸದ್ದು ಸರಿಯಿದೆಯೇ ಎಂದು ಕೇಳುವವನ ಹಾಗೆ ಕೇಳುತ್ತಿದ್ದ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

"ಯಾರು," ಎಂದರು ಮಾಲೀಕರು ಕೊನೆಗೆ. "ಗುಡುಗಣ್ಣನಾ?"

"ಅಲ್ಲ. ಮೊದಲನೇ ಮಹಡಿ," ಎಂದೆ. ಪಕ್ಕದಲ್ಲಿ ಬ್ಯಾಂಕಿನವರು ಗಂಟಲು ಸರಿಮಾಡಿಕೊಂಡು ಕೈ ಚಾಚಿದ್ದರು. ಅವರ ಹಿಂದೆ ಅತ್ತಿಗೆ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದರು. "ಫೋನ್ ಇಡಬೇಡಿ. ಮೂರನೇ ಮಹಡಿಯವರು ಮಾತಾಡ್ಬೇಕಂತೆ."